ಕಾವೇರಿ ಸೀಮೆಯ ಮೊದಲ ಒಕ್ಕಲು

ಶ್ರೀರಂಗಪಟ್ಟಣವೆಂದೊಡನೆ ನಮ್ಮವರ ನೆನಪು 1799ರ ಮೇ 4ರಂದು ಕೋಟೆ ಬಿದ್ದ ಮಧ್ಯಾಹ್ನಕ್ಕೆ ಹೋಗಿ ನಿಂತುಬಿಡುವುದು. ಅದಕ್ಕಿಂತ ಹಿಂದೆ ಸರಿಯಬಲ್ಲ ವಿದ್ವಾಂಸರು ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯಲ್ಲಿ ದೊರೆತ ಗಂಗರಾಜ ಶ್ರೀಪುರುಷನ ತಾಮ್ರಶಾಸನವನ್ನು ಆಧಾರವಾಗಿ ಹಿಡಿದು ಕ್ರಿ.ಶ. 776ರವರೆಗೆ ನಡೆದು, ಅಲ್ಲಿ ತಾವೂ ದಣಿವಾರಿಸಿಕೊಳ್ಳುವರು. ಆದರೆ ಸುರಪುರದ ಕಡೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಅಗೆದು ತೋರಿಸಿದ ಕಲ್ಲಿನ ಆಯುಧಗಳು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯವೆಂದು ಗಣಿಸಲ್ಪಟ್ಟಿವೆ. ಆ ಅವಧಿಯೊಡನೆ ತೂಗಿದರೆ ಶ್ರೀಪುರುಷನಿಂದ ಈಚಿನ ಕಾಲವೆಲ್ಲವೂ ಸಾವಿರಕ್ಕೊಂದು ಪಾಲು.

ಇಸಾಂಪುರದಲ್ಲಿ ಕಲ್ಲೊಡೆದವರು ನಮ್ಮ ಕುಲದ ಮನುಷ್ಯರಲ್ಲ. ಮಾನವನ ಹಳೆಯ ಕವಲೊಂದಕ್ಕೆ ಸೇರಿದವರು. ನಮ್ಮವರು ಆಫ್ರಿಕಾದಿಂದ ಹೊರಟು ಈ ಭರತಭೂಮಿಯನ್ನು ಮುಟ್ಟಿದ್ದು ಯಾವಾಗ ಎಂಬ ವಿಷಯದಲ್ಲಿ ಪಂಡಿತರ ಜಗಳ ಇನ್ನೂ ತೀರಿಲ್ಲ. ಆಂಧ್ರದ ಜ್ವಾಲಾಪುರದಲ್ಲಿ, ಸುಮಾತ್ರದ್ವೀಪದ ಟೋಬಾ ಅಗ್ನಿಪರ್ವತವು 74 ಸಾವಿರ ವರ್ಷಗಳ ಹಿಂದೆ ಉಗುಳಿದ ಬೂದಿಯ ಪದರದ ಕೆಳಗೂ ಮೇಲೂ ಒಂದನ್ನೊಂದು ಹೋಲುವ ಆಯುಧಗಳು ದೊರೆತುವು. ಅವು ನಮ್ಮ ಕುಲದವರವೇ ಎನ್ನುವವರು ಒಂದು ಪಕ್ಷ, ಅಲ್ಲ, ನಮ್ಮವರು ಆಮೇಲೆ ಕಡಲ ಕರೆಯನ್ನು ಹಿಡಿದು ಬಂದವರು ಎನ್ನುವವರು ಇನ್ನೊಂದು ಪಕ್ಷ. ಎರಡು ಪಕ್ಷದವರ ಬರೆಹವನ್ನು ಓದುವಾಗಲೂ ನಮ್ಮ ಕಣ್ಣ ಮುಂದೆ ಗಂಟುಮೂಟೆ ಹೊತ್ತ ಒಂದು ದಿಬ್ಬಣ ಸುಳಿಯುವುದಷ್ಟೆ. ಅಂತಹ ದಿಬ್ಬಣ ಎಂದೂ ಹೊರಟಿರಲಾರದು. ಬೇಟೆ ತೆಳುವಾದಾಗ ಒಂದು ಗುಂಪು ತನ್ನ ತಾಯ್ತಂದೆಗಳ ಬಿಡಾರದಿಂದ ಒಂದು ಗಾವುದ, ಅಂದರೆ ಸುಮಾರು 12 ಮೈಲಿ, ಆಚೆಗೆ ಸರಿದು ನೆಲೆಸಿತೆಂದೂ, ಅದರ ಮಕ್ಕಳು ಮತ್ತೊಂದು ಗಾವುದ ಸರಿದರೆಂದೂ ಎಣಿಸಿದರೆ, ನೂರು ತಲೆಮಾರು ಕಳೆಯುವಷ್ಟರಲ್ಲಿ ಆ ವಂಶ 1200 ಮೈಲಿ ನಡೆದಿರುತ್ತದೆ. ಹಾಗೆ ನಡೆದವರಲ್ಲಿ ಒಬ್ಬನಿಗಾದರೂ ತಾನು ಹೊಸ ಖಂಡವೊಂದನ್ನು ಹೊಕ್ಕೆನೆಂಬ ಅರಿವು ಇದ್ದಿರಲಾರದು.

ಇಂತಹವರನ್ನು ಈ ಕಾವೇರಿ ಸೀಮೆಯಲ್ಲಿ ಹಿಡಿದು ನಿಲ್ಲಿಸಬಲ್ಲ ಸಾಮಗ್ರಿ ಏನಿತ್ತೆಂದು ಕೇಳಿದರೆ, ನೀರು ಮತ್ತು ಕಲ್ಲು ಎಂದು ಹೇಳಬೇಕು. ಕೃಷ್ಣರಾಜಪೇಟೆಯ ನೆಲವನ್ನು ಸೀಳಿಕೊಂಡು ಬರುವ ಹೇಮಾವತಿ, ಪಡುವಲಿಂದ ಬರುವ ಲಕ್ಷ್ಮಣತೀರ್ಥ, ಶ್ರೀರಂಗಪಟ್ಟಣದ ಬಳಿ ಬಂದು ಸೇರುವ ಲೋಕಪಾವನಿ ಇವೆಲ್ಲವೂ ಕಾವೇರಿಗೆ ಕೈಗೊಡುವ ಈ ನಾಡಿನಲ್ಲಿ ಬೇಸಗೆಯಲ್ಲಿಯೂ ಮೃಗಗಳು ನೀರಿಗೆ ಇಳಿಯಲೇಬೇಕಾಗಿತ್ತು. ನೆಲದ ಬಿಳಿ ಬಂಡೆಗಳ ನಡುವೆ ಗೋಡೆಯಿಟ್ಟಂತೆ ಹಾದುಹೋಗುವ ಕರಿಕಲ್ಲಿನ ಪಟ್ಟೆಗಳೂ, ಹೊಲಹೊಲಗಳಲ್ಲಿ ಚದುರಿದ ಬೆಣಚುಕಲ್ಲೂ ಆಯುಧಕ್ಕೆ ಒದಗುತ್ತಿದ್ದುವು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಕಲ್ಲಿನ ಕೈಗೊಡಲಿಯನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಮಹಾಶಯನೇ ಮುಂದೆ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೆ ಮೊದಲ ಮುಖ್ಯಸ್ಥನಾಗಿ ಬಂದುದು ನಮ್ಮ ಪುಣ್ಯ. ಆ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ಯರು ನಾಗಮಂಗಲಕ್ಕೆ ಉತ್ತರದಲ್ಲಿರುವ ಕಿಬ್ಬನಹಳ್ಳಿಯಲ್ಲಿ ಹಳೆಯ ಶಿಲಾಯುಗದ ನೆಲೆಯನ್ನು ಕಂಡರು, ಎಂ. ಶೇಷಾದ್ರಿಯವರು ಅದನ್ನು ವಿಸ್ತಾರವಾಗಿ ವಿವೇಚಿಸಿದರು.

ಇದಕ್ಕೆ ಬಹುಕಾಲದ ಮೇಲೆ ಬಂದ ಹೊಸ ಶಿಲಾಯುಗದ ಜನ ಕೊಡಲಿ ಮಾಡುತ್ತಿದ್ದ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಉಚಿತ. ಕರಿಕಲ್ಲಿನ ತುಂಡೊಂದನ್ನು ಅಂಗೈಗೆ ಒಗ್ಗುವ ಗುಂಡುಕಲ್ಲಿನಿಂದ ಅಂಚಿನಲ್ಲಿ ಹೊಡೆದು ಚಕ್ಕೆ ಚಕ್ಕೆಯಾಗಿ ಎಬ್ಬಿಸುವರು. ಆಮೇಲೆ ಉಳಿದ ಏಣುಗಳನ್ನು ಸಣ್ಣ ಪೆಟ್ಟುಗಳಿಂದ ಕುಟ್ಟಿ ಕುಟ್ಟಿ ಇಳಿಸುವರು. ಕಡೆಗೆ ಬಂಡೆಯ ಮೇಲೆ ನೀರನ್ನೂ ಮರಳನ್ನೂ ಹಾಕಿ, ಬಾಯಿ ಹರಿತವಾಗುವವರೆಗೆ ಉಜ್ಜುವರು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ನುಣುಪಾದ ತಗ್ಗುಗಳು ಬಳ್ಳಾರಿಯ ಸಂಗನಕಲ್ಲಿನಲ್ಲಿ ಇಂದಿಗೂ ಕಾಣಸಿಗುತ್ತವೆ. ಮರದ ಕಾವಿಗೆ ಸಿಕ್ಕಿಸಿದ ಆ ಕೊಡಲಿ ಕಾಡು ಕಡಿಯುವುದಕ್ಕೆ ಸಾಕಾಗುತ್ತಿತ್ತು.

ಶ್ರೀರಂಗಪಟ್ಟಣದಿಂದ ಕಾವೇರಿಯ ಜಾಡಿನಲ್ಲಿ ಇಳಿದರೆ, ಕಪಿಲೆ ಬಂದು ಕೂಡುವ ತಿರುಮಕೂಡಲು ನರಸೀಪುರದಲ್ಲಿ ಶೇಷಾದ್ರಿಯವರು 1959ರಿಂದ ನಡೆಸಿದ ಉತ್ಖನನದಲ್ಲಿ ಈ ಜನರ ವಸತಿಯೂ ಸಮಾಧಿಗಳೂ ಬೆಳಕಿಗೆ ಬಂದುವು. ದೊರೆತ ವಸ್ತುಗಳಲ್ಲಿ ಸುಟ್ಟ ಮಣ್ಣಿನ ತಲೆದಿಂಬೂ ಒಂದು. ಒಂದು ಸಂಗಮದಲ್ಲಿ ಇಷ್ಟು ದೊರೆತ ಮೇಲೆ, ಹೇಮಾವತಿಯೂ ಲಕ್ಷ್ಮಣತೀರ್ಥವೂ ಕಾವೇರಿಯನ್ನು ಕೂಡುತ್ತಿದ್ದ ಬಯಲಿನಲ್ಲಿ ಎಷ್ಟಿದ್ದಿರಬಹುದೆಂದು ಮನಸ್ಸು ಚಡಪಡಿಸುವುದು ಸಹಜ. ಆ ಬಯಲು 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದೆ. ಮಂಡ್ಯದ ಗದ್ದೆಗಳು ಹಸಿರಾದುದರ ಮುಂದೆ ಈ ನಷ್ಟವನ್ನು ಎತ್ತಿ ಆಡುವುದು ಸಲ್ಲದು. ಆದರೂ ನಷ್ಟ ನಷ್ಟವೇ.

ಆ ಒಕ್ಕಲು ಉಂಡುದೇನು? ತುಂಗಭದ್ರೆಯ ಕಡೆಯ ನೆಲೆಗಳಲ್ಲಿ ಸಿಕ್ಕಿದ ಸುಟ್ಟು ಕರಿದಾದ ಕಾಳುಗಳನ್ನು ಪರೀಕ್ಷಿಸಿದವರು ಕೊರಲೆ, ಹುರುಳಿ, ಹೆಸರುಗಳನ್ನು ಗುರುತಿಸಿದ್ದಾರೆ. ದನಕರುಗಳು ಯಥೇಚ್ಛವಾಗಿದ್ದುವು. ನಮ್ಮ ಮುದ್ದೆಯ ರಾಗಿಯಾದರೋ ಆಫ್ರಿಕಾ ಮೂಲದ ಧಾನ್ಯ. ಮುದ್ದೆಯ ಪಕ್ಕದ ಹುರುಳಿಸಾರಿನ ಕಾಳೇ ಈ ನಾಡಿನ ಹಳೆಯ ನಿವಾಸಿ.

ಕ್ರಿಸ್ತಪೂರ್ವ ಸಾವಿರದ ಸುಮಾರಿಗೆ ಕಬ್ಬಿಣ ಕಾಣಿಸಿಕೊಂಡಿತು. ಅದರ ಜೊತೆಗೇ ಬಂಡೆಯ ಚಪ್ಪಡಿಗಳನ್ನು ನೆಟ್ಟು, ಮೇಲೊಂದು ಚಪ್ಪಡಿ ಮುಚ್ಚಿ, ಸತ್ತವರಿಗೆ ಮನೆ ಕಟ್ಟುವ ಪದ್ಧತಿಯೂ ಹಬ್ಬಿತು. ಇಂತಹ ಕಲ್ಮನೆಗಳನ್ನು ನಮ್ಮ ಹಳ್ಳಿಗರು ಪಾಂಡವರ ಮನೆಯೆಂದು ಕರೆಯುವುದು ರೂಢಿ. ಫ್ರೆಂಚ್ ಸಿಪಾಯಿಗಳು ಕೆಲಕಾಲ ಬಿಡಾರ ಹೂಡಿದ ಮಾತ್ರಕ್ಕೆ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಹಿರೋಡೆಯು ಪಾಂಡವಪುರವಾದುದೂ ಕುಂತಿಬೆಟ್ಟದ ಇಂತಹುದೇ ಐತಿಹ್ಯದಿಂದ: ವನವಾಸದಲ್ಲಿ ಕುಂತಿಯೂ ಮಕ್ಕಳೂ ಆ ಜೋಡಿ ಹೆಬ್ಬಂಡೆಗಳ ಆಶ್ರಯದಲ್ಲಿ ಇದ್ದರಂತೆ. ಚರಿತ್ರೆಯ ವಿದ್ಯಾರ್ಥಿ ಇದನ್ನು ಕೇಳಿ ನಕ್ಕುಬಿಡುವುದುಂಟು. ನನಗೆ ಹಾಗೆ ನಗು ಬರುವುದಿಲ್ಲ. ಹೆಸರುಗಳನ್ನು ತೆಗೆದುಹಾಕಿದರೆ ಕಥೆಯಲ್ಲಿ ಉಳಿಯುವುದು, ಬೇರೆ ನೆಲದಿಂದ ಕಾಡು ಹಿಡಿದು ಬಂದ ಒಂದು ಕುಟುಂಬ ಈ ಬೆಟ್ಟದ ಪೊಟರೆಗಳಲ್ಲಿ ತಂಗಿ, ಬೇಟೆಯಾಡಿಕೊಂಡು ಜೀವಿಸಿತೆಂಬ ಸಂಗತಿ, ಮತ್ತು ಅದರ ಹಿರಿತನವೆಲ್ಲ ತಾಯಿಯ ಕೈಯಲ್ಲಿದ್ದಿತೆಂಬ ನಂಬಿಕೆ.