ಸಲ್ಲೇಖನ: ಶಾಸನದ ಸಾಕ್ಷ್ಯ, ನ್ಯಾಯಾಲಯದ ಪ್ರಶ್ನೆ

ಸಮಾಜ, ಕಾನೂನು, ಧರ್ಮಗಳ ಸಂಬಂಧವನ್ನು ಕುರಿತು ಸ್ನಾತಕೋತ್ತರ ಪ್ರಬಂಧ ರಚಿಸುವ ವಿದ್ಯಾರ್ಥಿಗೆ ಸಲ್ಲೇಖನಕ್ಕಿಂತ ಕಠಿಣವಾದ ವಿಷಯ ದೊರೆಯಲಾರದು. ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಈ ವ್ರತವನ್ನು ಆತ್ಮಹತ್ಯೆಯೆಂದೇ ಪರಿಗಣಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಧರ್ಮಾರ್ಥವಾಗಿ ದೇಹವನ್ನು ತ್ಯಜಿಸುವುದೇ ಸಲ್ಲೇಖನವೆಂದು ಸಮಂತಭದ್ರಾಚಾರ್ಯರ ಶ್ರಾವಕಾಚಾರವು ಲಕ್ಷಣ ಹೇಳುತ್ತದೆ. ಇದನ್ನು ಉದ್ಧರಿಸಿ ಅಧ್ಯಾಯವನ್ನು ಮುಗಿಸುವುದು ಸುಲಭ. ಶ್ರವಣಬೆಳಗೊಳದ ಶಾಸನಗಳು ಅಷ್ಟು ಸುಲಭವಲ್ಲ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ಅಗಲಿದಳು. ಆ ಬಳಿಕ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು, ಸನ್ಯಸನವಿಧಿಯಿಂದ ಮುಡಿಪಿದಳೆಂದು ಶಾಸನವು ಕೀರ್ತಿಸುತ್ತದೆ. ಅದು ಕೇವಲ ವ್ರತವೋ, ಮಗಳನ್ನು ಕಳೆದುಕೊಂಡ ಶೋಕವೂ ಅದರಲ್ಲಿ ಬೆರೆತಿತ್ತೋ? ಕಾನೂನು ಕೇಳುವುದೂ ಇದನ್ನೇ. ಶಾಸನವಾದರೋ ಪ್ರಶಸ್ತಿ, ವ್ರತವನ್ನು ನಡುವೆ ಕೈಬಿಟ್ಟವರಿಗೆ ನಿಸಿಧಿ ನಿಲ್ಲಿಸುವವರಾರು? ಆದರೂ, ಪ್ರತಿಕೂಲವೆಂದು ಮಾಚಿಕಬ್ಬೆಯನ್ನು ಬಿಟ್ಟು ಬರೆದ ಪ್ರಬಂಧವು ವಕೀಲರ ವಾದಪತ್ರವಾದೀತೇ ಹೊರತು ಇತಿಹಾಸವಾಗದು.

ಆತ್ಮಹತ್ಯಾಯತ್ನವನ್ನು ಅಪರಾಧವೆಂದಿದ್ದ 309ನೆಯ ಕಲಮು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿದಿಲ್ಲ. ಸರ್ಕಾರಿ ಅಧಿಕಾರಿಯನ್ನು ಒತ್ತಾಯಿಸಲು ಅಥವಾ ತಡೆಯಲು ಮಾಡುವ ಯತ್ನವಷ್ಟೇ ಈಗ ದಂಡನೀಯ. ಕಾನೂನಿನ ಅಧ್ಯಾಯವನ್ನಂತೂ ಹೊಸದಾಗಿಯೇ ಬರೆಯಬೇಕಾಗುತ್ತದೆ.