ಸರಕಾರದ ಮೇಲೆ ದಾವೆ: ವಾಯಿದೆಯ ಕಥೆ

ಮಾಟುಂಗದಲ್ಲಿ ಬಾಳುವೆ ನಡೆಸುವ ನಮಗೆ ಸರಕಾರಿ ಸಂಸ್ಥೆಗಳೊಡನೆ ವ್ಯವಹಾರ ತಪ್ಪಿದ್ದಲ್ಲ. ನಮ್ಮ ಬಡಾವಣೆಯೇ ಅಂಥದೊಂದು ಸಂಸ್ಥೆಯ ಕೂಸು. 1896ರ ಪ್ಲೇಗಿನ ತರುವಾಯ, 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ-ಮಾಟುಂಗ ಪ್ರದೇಶದಲ್ಲಿ ರಸ್ತೆ, ನಿವೇಶನಗಳನ್ನು ರೂಪಿಸಿತು. 1933ರಲ್ಲಿ ಆ ಟ್ರಸ್ಟು ನಗರಪಾಲಿಕೆಯಲ್ಲಿ ವಿಲೀನವಾಯಿತು. ಇಂಥ ಸಂಸ್ಥೆಯಿಂದ ಅನ್ಯಾಯವಾದರೆ ಪ್ರಜೆ ಏನು ಮಾಡಬೇಕು? ಎಷ್ಟು ದಿನದೊಳಗೆ ಮಾಡಬೇಕು? ಈ ಪ್ರಶ್ನೆಗಳಿಗೆ ದೀರ್ಘವಾದ ಇತಿಹಾಸವಿದೆ.

ಸರಕಾರದ ಮೇಲೆ ದಾವೆ ಹೂಡಬಹುದೆಂಬುದೇ ಒಂದು ಕಾಲಕ್ಕೆ ವಾದದ ವಿಷಯವಾಗಿತ್ತು. ಕಲಕತ್ತೆಯ ಕಿದಿರಪುರದ ಸರಕಾರಿ ಹಡಗುಕಟ್ಟೆಯ ಕೆಲಸಗಾರರ ಅಜಾಗ್ರತೆಯಿಂದ ಪಿ. ಅಂಡ್ ಓ. ಹಡಗು ಕಂಪನಿಯ ಗಾಡಿಯ ಕುದುರೆಯೊಂದು ಗಾಯಗೊಂಡಿತು. 350 ರೂಪಾಯಿ ಪರಿಹಾರದ ಈ ಸಣ್ಣ ದಾವೆಯಲ್ಲಿ, ಸರಕಾರವೂ ಹೊಣೆಯೆಂದು 1861ರಲ್ಲಿ ತೀರ್ಪಾಯಿತು.

ಬಾಗಿಲೇನೋ ತೆರೆಯಿತು, ಆದರೆ ಹೊಸ್ತಿಲು ಎತ್ತರವಾಗಿತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನ ಮೇರೆಗೆ ದಾವೆಗೆ ಮೊದಲು ಸರಕಾರಕ್ಕೆ ಲಿಖಿತ ನೋಟೀಸು ಕೊಟ್ಟು ಎರಡು ತಿಂಗಳು ಕಾಯಬೇಕು. ಸರಕಾರ ಯೋಚಿಸಿ, ತಪ್ಪಿದ್ದರೆ ಸರಿಪಡಿಸಲಿ ಎಂಬುದು ಇದರ ಉದ್ದೇಶ. ಆದರೆ ಅವಸರವಿದ್ದವರ ಪಾಡೇನು? 1921ರಲ್ಲಿ ನಾಸಿಕ ಜಿಲ್ಲೆಯ ಮಾಲೇಗಾಂವಿನಲ್ಲಿ ದಂಗೆಯಾಗಿ, ಅದರ ನಷ್ಟವನ್ನು ಊರವರಿಂದ ವಸೂಲು ಮಾಡಲು ಮುಂಬಯಿ ಸರಕಾರ ಹೊರಟಿತು. ಕೆಲವರು ಎರಡು ತಿಂಗಳು ತುಂಬುವ ಮೊದಲೇ ದಾವೆ ಹೂಡಿದರು. ಭಾಗಚಂದ ದಗಡೂಸಾ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ, ನೋಟೀಸಿನ ನಿಯಮಕ್ಕೆ ಅಪವಾದವಿಲ್ಲವೆಂದು ಪ್ರಿವಿ ಕೌನ್ಸಿಲ್ 1927ರಲ್ಲಿ ಸಾರಿತು. ತಡವಾಗಿ ಬಂದವನಂತೆ ಬೇಗ ಬಂದವನೂ ಸೋತ! ತುರ್ತು ಪರಿಹಾರ ಬೇಕಾದವರು ನ್ಯಾಯಾಲಯದ ಅನುಮತಿ ಪಡೆದು ನೋಟೀಸಿಲ್ಲದೆ ದಾವೆ ಹೂಡುವ ಸೌಕರ್ಯ 1976ರ ತಿದ್ದುಪಡಿಯಿಂದಷ್ಟೇ ದೊರೆಯಿತು.

ಇನ್ನು ವಾಯಿದೆಯ ಮಾತು. ಬ್ರಿಟಿಷರ 1859ರ ಕಾಯಿದೆಯಿಂದ ಬೆಳೆದುಬಂದ ಪರಿಮಿತಿ ಕಾನೂನು ಇಂದು 1963ರ ಕಾಯಿದೆಯ ರೂಪದಲ್ಲಿದೆ. ಸರಕಾರ ನಮ್ಮ ಮೇಲೆ ದಾವೆ ಹೂಡಲು ಹಿಂದೆ 60 ವರ್ಷ ಅವಧಿಯಿತ್ತು, ಈಗ 30. ನಮಗೆ ಬಹುಪಾಲು ದಾವೆಗಳಿಗೆ ಮೂರೇ ವರ್ಷ. ಸಮಾಧಾನದ ಸಂಗತಿಯೆಂದರೆ, ನೋಟೀಸಿನ ಎರಡು ತಿಂಗಳನ್ನು ಈ ಲೆಕ್ಕದಿಂದ ಬಿಡಲಾಗುತ್ತದೆ.

ಈ ಎರಡು ತಿಂಗಳ ಬೆಲೆ ಎಷ್ಟೆಂಬುದನ್ನು ಮಧ್ಯಪ್ರದೇಶದ ನೌಕರ ಎಸ್. ಎಸ್. ರಾಠೋರರ ಪ್ರಕರಣ ತೋರಿಸುತ್ತದೆ. 1966ರ ಜನವರಿಯಲ್ಲಿ ಅವರನ್ನು ಕೆಲಸದಿಂದ ವಜಾ ಮಾಡಲಾಯಿತು. ಮೇಲ್ಮನವಿ ಆಗಸ್ಟ್ 31ರಂದು ತಿರಸ್ಕೃತವಾಯಿತು. ದಾವೆ ಹೂಡಿದ್ದು 1969ರ ಸೆಪ್ಟೆಂಬರ್ 30ರಂದು. ಕೆಳಗಿನ ನ್ಯಾಯಾಲಯಗಳು ವಾಯಿದೆ ಮೀರಿತೆಂದವು. 1989ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ, ಕಾನೂನುಬದ್ಧ ಮೇಲ್ಮನವಿಯ ತೀರ್ಮಾನದಿಂದಲೇ ಅವಧಿಯನ್ನು ಎಣಿಸಬೇಕೆಂದು ಹೇಳಿ ದಾವೆಯನ್ನು ಉಳಿಸಿತು. ಆದರೆ ಕಾನೂನಿನಲ್ಲಿಲ್ಲದ ಮನವಿಗಳನ್ನು ಮತ್ತೆ ಮತ್ತೆ ಬರೆಯುತ್ತ ಕುಳಿತರೆ ವಾಯಿದೆ ಬೆಳೆಯದೆಂದೂ ಎಚ್ಚರಿಸಿತು.

ಕಚೇರಿಯ ಕಡತಗಳ ನಡುವೆ ದಿನಗಳೆಯುವ ನಮ್ಮಂಥವರಿಗೆ ಈ ಎಚ್ಚರಿಕೆ ಮುಖ್ಯ. “ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ” ಎಂಬ ಉತ್ತರ ಗಡಿಯಾರವನ್ನು ನಿಲ್ಲಿಸುವುದಿಲ್ಲ. ಕೇಂದ್ರ ನೌಕರರ ಸೇವಾ ವ್ಯಾಜ್ಯಗಳು 1985ರಿಂದ ಆಡಳಿತ ನ್ಯಾಯಮಂಡಳಿಗೆ ಹೋಗುತ್ತವೆ; ಅಂತಿಮ ಆದೇಶದಿಂದ ಅಲ್ಲಿಗೆ ಒಂದೇ ವರ್ಷದ ಅವಧಿ. ಮುಂಬಯಿ ನಗರಪಾಲಿಕೆ ತನ್ನ ಕಾಯಿದೆಯಡಿ ಮಾಡಿದ ಕೃತ್ಯದ ಮೇಲಿನ ದಾವೆಗಂತೂ, 1888ರ ಆ ಕಾಯಿದೆಯ 527ನೆಯ ಕಲಮಿನಂತೆ, ಒಂದು ತಿಂಗಳ ನೋಟೀಸು ಕೊಟ್ಟು ಆರು ತಿಂಗಳೊಳಗೆ ನ್ಯಾಯಾಲಯ ಸೇರಬೇಕು. ಆದ್ದರಿಂದ ಆದೇಶ ಕೈಸೇರಿದ ದಿನವೇ ತಾರೀಖು ಬರೆದಿಟ್ಟು, ಲಕೋಟೆಯನ್ನೂ ಜೋಪಾನ ಮಾಡಿ, ಬಲ್ಲ ವಕೀಲರನ್ನು ಕಾಣುವುದು ಲೇಸು.