ಮಾನ್ಸೂನ್ ವೆಡ್ಡಿಂಗ್ (ಚಲನಚಿತ್ರ)

ಮಾನ್ಸೂನ್ ವೆಡ್ಡಿಂಗ್ 2001ರಲ್ಲಿ ತೆರೆಕಂಡ ಚಲನಚಿತ್ರ. ನಿರ್ದೇಶನ ಮೀರಾ ನಾಯರ್, ಚಿತ್ರಕಥೆ ಸಬ್ರೀನಾ ಧವನ್, ಛಾಯಾಗ್ರಹಣ ಡೆಕ್ಲನ್ ಕ್ವಿನ್, ಸಂಗೀತ ಮೈಕಲ್ ಡ್ಯಾನಾ. ದೆಹಲಿಯ ಪಂಜಾಬಿ ಕುಟುಂಬವೊಂದರ ಮಗಳ ಮದುವೆಗೆ ನೆಂಟರಿಷ್ಟರು ಬಂದು ಸೇರುವ ಕೆಲವೇ ದಿನಗಳ ಕಥೆ ಇದು. ಹಿಂದಿ, ಪಂಜಾಬಿ, ಇಂಗ್ಲಿಷ್ ಮೂರೂ ಒಂದೇ ಮಾತಿನಲ್ಲಿ ಬೆರೆತು ಬರುತ್ತವೆ. ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಲಯನ್ ಪಡೆದ ಎರಡನೆಯ ಭಾರತೀಯ ಚಿತ್ರವಿದು. ಮೊದಲನೆಯದು ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ (1957).

ಹಿನ್ನೆಲೆ

ಮೀರಾ ನಾಯರ್ 1957ರಲ್ಲಿ ಒಡಿಶಾದ ರೂರ್ಕೆಲಾದಲ್ಲಿ ಹುಟ್ಟಿದವರು. ದೆಹಲಿಯಲ್ಲೂ ಅಮೆರಿಕದ ಹಾರ್ವರ್ಡ್‌ನಲ್ಲೂ ಓದಿದರು. ಸಾಕ್ಷ್ಯಚಿತ್ರಗಳಿಂದ ವೃತ್ತಿ ಆರಂಭಿಸಿದ ಅವರಿಗೆ ಹೆಸರು ತಂದದ್ದು ಮುಂಬೈಯ ಬೀದಿಮಕ್ಕಳ ಬದುಕಿನ ‘ಸಲಾಂ ಬಾಂಬೆ’ (1988). ಆಮೇಲೆ ‘ಮಿಸಿಸಿಪ್ಪಿ ಮಸಾಲಾ’ (1991), ‘ಕಾಮಸೂತ್ರ’ (1996) ಬಂದವು. ದೊಡ್ಡ ಬಂಡವಾಳದ ಹಂಗಿಲ್ಲದೆ, ಪುಟ್ಟ ತಂಡ ಕಟ್ಟಿಕೊಂಡು, ದೆಹಲಿಯ ಮಧ್ಯಮವರ್ಗದ ಮನೆಯನ್ನು ಇದ್ದಂತೆಯೇ ತೋರಿಸಬೇಕೆಂಬ ಹಂಬಲ ಈ ಚಿತ್ರದ ಮೂಲ. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಚಿತ್ರಕಥಾ ರಚನೆ ಕಲಿಯುತ್ತಿದ್ದ, ದೆಹಲಿಯವರೇ ಆದ ಸಬ್ರೀನಾ ಧವನ್ ಕಥೆಗೆ ರೂಪ ಕೊಟ್ಟರು.

ಆ ಹೊತ್ತಿಗೆ ಹಿಂದಿ ಚಿತ್ರರಂಗದಲ್ಲಿ ಮದುವೆಮನೆಯ ಕಥೆಗಳದೇ ಸುಗ್ಗಿ. ‘ಹಮ್ ಆಪ್ಕೆ ಹೈ ಕೌನ್’ (1994), ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ (1995) ಚಿತ್ರಗಳು ಕೂಡುಕುಟುಂಬದ ಸೊಬಗನ್ನು, ವಿದೇಶದಲ್ಲಿ ನೆಲೆಸಿದ ಭಾರತೀಯರ ತವರಿನ ಹಂಬಲವನ್ನು ಕೊಂಡಾಡಿದ್ದವು. 1991ರ ಆರ್ಥಿಕ ಉದಾರೀಕರಣದ ನಂತರ ಕೈಗೆ ಬಂದ ದುಡ್ಡು, ಮೊಬೈಲ್ ಫೋನು, ಉಪಗ್ರಹ ವಾಹಿನಿಗಳು ನಗರದ ಮನೆಗಳನ್ನು ಬದಲಿಸುತ್ತಿದ್ದವು. ಆ ಬದಲಾವಣೆಯ ಒಳಗೇ ನಿಂತು ಅದನ್ನು ಕಂಡದ್ದು ಮಾನ್ಸೂನ್ ವೆಡ್ಡಿಂಗ್.

ಕಥೆ

ಲಲಿತ್ ವರ್ಮಾ ಮತ್ತು ಪಿಮ್ಮಿಯರ ಮಗಳು ಅದಿತಿಗೆ ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಎಂಜಿನಿಯರ್ ಹೇಮಂತನ ಸಂಬಂಧ ಗೊತ್ತಾಗಿದೆ. ಅದಿತಿಗೆ ವಿಕ್ರಮ್ ಎಂಬ ವಿವಾಹಿತ ಟಿ.ವಿ. ನಿರೂಪಕನ ಜೊತೆ ಪ್ರೇಮವಿತ್ತು. ಅದರಿಂದ ಬಿಡುಗಡೆ ಬೇಕೆಂದೇ ಆಕೆ ಈ ಮದುವೆಗೆ ಒಪ್ಪಿದ್ದಾಳೆ, ಆದರೆ ಮನಸ್ಸು ಇನ್ನೂ ಅಲ್ಲೇ ಸುಳಿಯುತ್ತಿದೆ. ಕೊನೆಗೆ ವರನ ಮುಂದೆ ಎಲ್ಲವನ್ನೂ ತಾನೇ ಹೇಳಿಬಿಡುತ್ತಾಳೆ. ಹೇಮಂತ ಮೊದಲು ಸಿಡಿಮಿಡಿಗೊಂಡರೂ, ನಿಜ ಹೇಳಿದ ಹುಡುಗಿಯ ಧೈರ್ಯಕ್ಕೆ ಬೆಲೆ ಕೊಡುತ್ತಾನೆ. ಹಿರಿಯರು ನೋಡಿ ಗೊತ್ತುಮಾಡಿದ ಸಂಬಂಧ ಅಲ್ಲಿಂದಾಚೆಗೆ ಇಬ್ಬರದೇ ಆಯ್ಕೆಯಾಗುತ್ತದೆ.

ಚಿತ್ರದ ಅತ್ಯಂತ ನವಿರಾದ ಪ್ರೇಮಕಥೆ ನಡೆಯುವುದು ಮನೆಯ ಹಿಂಭಾಗದಲ್ಲಿ. ಶಾಮಿಯಾನ, ದೀಪ, ಅಡುಗೆಯ ಗುತ್ತಿಗೆ ಹಿಡಿದ ಪಿ.ಕೆ. ದುಬೆ ಬಾಯಿ ಮುಚ್ಚದ, ಮೊಬೈಲ್ ಬಿಡದ ಮನುಷ್ಯ. ಮಾತುಮಾತಿಗೆ ಚೆಂಡುಹೂವಿನ ಎಸಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾನೆ. ಮನೆಗೆಲಸದ ಆಲಿಸ್‌ಳನ್ನು ಕಂಡಮೇಲೆ ಅವನ ಬಡಾಯಿಯೆಲ್ಲ ಕರಗುತ್ತದೆ. ಒಂದು ದಿನ ಆಲಿಸ್, ಯಾರೂ ಇಲ್ಲದ ಹೊತ್ತಿನಲ್ಲಿ ಮನೆಯವರ ಒಡವೆ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಾಳೆ. ಕಿಟಕಿಯಿಂದ ನೋಡಿದ ದುಬೆಯ ಆಳುಗಳು ಆಕೆ ಕದಿಯುತ್ತಿದ್ದಾಳೆಂದೇ ತಿಳಿಯುತ್ತಾರೆ. ತನ್ನನ್ನು ಯಾರೋ ನೋಡುತ್ತಿದ್ದಾರೆಂದು ಗೊತ್ತಾದೊಡನೆ ಅವಳ ಮುಖ ಕುಗ್ಗುವ ಆ ಗಳಿಗೆಯಲ್ಲಿ, ಮದುವೆಮನೆಯ ಸಡಗರ ಯಾರ ಪಾಲಿನದು ಎಂಬ ಪ್ರಶ್ನೆ ಒಂದೇ ಒಂದು ಮಾತಿಲ್ಲದೆ ಎದ್ದುನಿಲ್ಲುತ್ತದೆ. ದುಬೆ ಅವಳನ್ನು ಒಲಿಸಿಕೊಳ್ಳುವುದು ಅದೇ ಚೆಂಡುಹೂವಿನಲ್ಲಿ ಕಟ್ಟಿದ ಹೃದಯವನ್ನು ಹಿಡಿದು, ಮಂಡಿಯೂರಿ.

ಇವುಗಳ ನಡುವೆ ಕಥೆಯ ಗಾಂಭೀರ್ಯವೆಲ್ಲ ನಿಂತಿರುವುದು ರಿಯಾಳ ಮೇಲೆ. ತಂದೆಯನ್ನು ಕಳೆದುಕೊಂಡು ಚಿಕ್ಕಪ್ಪ ಲಲಿತ್‌ನ ಆಸರೆಯಲ್ಲಿ ಬೆಳೆದ ಹುಡುಗಿ ಆಕೆ. ಬರಹಗಾರ್ತಿಯಾಗುವ ಕನಸಿದೆ. ಅವಳ ಓದಿನ ಖರ್ಚು ತಾನೇ ಕೊಡುತ್ತೇನೆಂದು ಎಲ್ಲರೆದುರು ಘೋಷಿಸುವ ತೇಜ್ ಪುರಿ ಲಲಿತ್‌ನ ಭಾವ, ಅಮೆರಿಕದ ಶ್ರೀಮಂತ, ಕುಟುಂಬವನ್ನು ಕಷ್ಟದಲ್ಲಿ ಕೈಹಿಡಿದವನು. ಅವಳು ಮಗುವಾಗಿದ್ದಾಗ ಲೈಂಗಿಕ ದೌರ್ಜನ್ಯ ಎಸಗಿದವನೂ ಅವನೇ. ಅದೇ ಮನುಷ್ಯ ಮನೆಯ ಪುಟ್ಟ ಹುಡುಗಿ ಆಲಿಯಾಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟಾಗ ರಿಯಾ ಅಡ್ಡನಿಂತು, ವರ್ಷಗಟ್ಟಲೆ ನುಂಗಿಕೊಂಡದ್ದನ್ನು ಎಲ್ಲರ ಮುಂದೆ ಹೇಳುತ್ತಾಳೆ.

ಇಲ್ಲಿಂದ ಚಿತ್ರ ಲಲಿತ್‌ನದಾಗುತ್ತದೆ. ಬೀಗರು ಬಂದಿದ್ದಾರೆ, ಮುಹೂರ್ತ ಹತ್ತಿರವಿದೆ. ಮದುವೆಯ ಖರ್ಚಿಗಾಗಿ ಗಾಲ್ಫ್ ಮೈದಾನದಲ್ಲಿ ಗೆಳೆಯನ ಬಳಿ ಸಾಲ ಕೇಳಿರುವ ಮನುಷ್ಯ ಅವನು. ಉಪಕಾರ ಮಾಡಿದ ಭಾವನನ್ನು ಎದುರುಹಾಕಿಕೊಳ್ಳುವುದು ಸುಲಭವಲ್ಲ. ಒಂದು ರಾತ್ರಿ ಮಲಗಿರುವ ಮಕ್ಕಳನ್ನು ನೋಡುತ್ತಾ ನಿಲ್ಲುತ್ತಾನೆ. ಮರುದಿನ, ತೀರಿಹೋದ ಅಣ್ಣನ ಹಾರ ಹಾಕಿದ ಫೋಟೋದ ಮುಂದೆ, ಬಂಧುಗಳೆಲ್ಲ ಸೇರಿರುವಾಗಲೇ, ತೇಜ್‌ಗೆ ಮನೆ ಬಿಟ್ಟು ಹೊರಡಲು ಹೇಳುತ್ತಾನೆ. ದನಿ ಏರುವುದಿಲ್ಲ. ಕೈ ನಡುಗುವಷ್ಟು ಕಷ್ಟಪಟ್ಟೇ ಆ ಮಾತು ಹೊರಬರುತ್ತದೆ. ಈತ ಆದರ್ಶ ತಂದೆಯೇನೂ ಅಲ್ಲ. ಅಡುಗೆ, ಕುಣಿತದಲ್ಲಿ ಆಸಕ್ತಿಯಿರುವ ಮಗ ವರುಣ್‌ನನ್ನು ಬೋರ್ಡಿಂಗ್ ಶಾಲೆಗೆ ಕಳುಹಿಸಬೇಕೆಂದು ಹಟ ಹಿಡಿದವನೂ ಇವನೇ. ಅಂಥ ಸಾಮಾನ್ಯ ಮನುಷ್ಯ ಕಷ್ಟದ ಕ್ಷಣದಲ್ಲಿ ಮಗುವಿನ ಪಕ್ಷ ವಹಿಸಿದ್ದರಿಂದಲೇ ಆ ನಿರ್ಧಾರಕ್ಕೆ ಅಷ್ಟು ತೂಕ.

ಕೊನೆಗೆ ಮಳೆ ಸುರಿಯುತ್ತದೆ. ದುಬೆ ಮತ್ತು ಆಲಿಸ್ ಸರಳವಾಗಿ ಮದುವೆಯಾಗುತ್ತಾರೆ. ಅದಿತಿಯ ದಿಬ್ಬಣದಲ್ಲಿ ಮನೆಮಂದಿಯೆಲ್ಲ ನೆನೆಯುತ್ತಲೇ ಕುಣಿಯುತ್ತಾರೆ.

ತಯಾರಿಕೆ

ಚಿತ್ರೀಕರಣ ದೆಹಲಿಯಲ್ಲಿ ಸುಮಾರು 30 ದಿನಗಳಲ್ಲಿ ಮುಗಿಯಿತು. ಸೂಪರ್ 16 ಎಂಎಂ ಫಿಲ್ಮ್ ಬಳಸಿ, ಕ್ಯಾಮೆರಾವನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಚಿತ್ರಿಸಿದ್ದರಿಂದ ನೋಡುಗರು ನೆಂಟರ ಗುಂಪಿನೊಳಗೇ ನಡೆದಾಡಿದಂತೆ ಭಾಸವಾಗುತ್ತದೆ. ನುರಿತ ನಟರನ್ನೂ ಹೊಸಬರನ್ನೂ ಒಟ್ಟಿಗೆ ಕೂರಿಸಿ ಮುಂಚಿತವಾಗಿ ತಾಲೀಮು ನಡೆಸಲಾಯಿತು. ಸೀರೆ, ಒಡವೆ, ಪೀಠೋಪಕರಣಗಳಲ್ಲಿ ಅನೇಕವು ನಿರ್ದೇಶಕಿಯ ಬಂಧುಮಿತ್ರರ ಮನೆಗಳಿಂದಲೇ ಬಂದವು. ವರುಣ್ ಪಾತ್ರದ ಇಶಾನ್ ನಾಯರ್ ನಿರ್ದೇಶಕಿಯ ಸಂಬಂಧಿ. ಪಿಮ್ಮಿಯ ಪಾತ್ರ ಮಾಡಿದ ಲಿಲೆಟ್ ದುಬೆ ಅವರ ಮಗಳು ನೇಹಾ ದುಬೆ ಆಯೇಷಾ ಎಂಬ ಪಾತ್ರದಲ್ಲಿ ನಟಿಸಿದರು. ವಿಮಾನ ನಿಲ್ದಾಣದ ಎಕ್ಸ್-ರೇ ಯಂತ್ರದಿಂದ ಚಿತ್ರೀಕರಿಸಿದ ಫಿಲ್ಮಿನ ಒಂದಷ್ಟು ಭಾಗ ಹಾಳಾಗಿ, ಕೆಲವು ದೃಶ್ಯಗಳನ್ನು ಮತ್ತೆ ತೆಗೆಯಬೇಕಾಯಿತು.

ಕಲಾವಿದರು

ಲಲಿತ್ ಆಗಿ ನಸೀರುದ್ದೀನ್ ಶಾ, ರಿಯಾ ಆಗಿ ಶೆಫಾಲಿ ಶೆಟ್ಟಿ (ಈಗ ಶೆಫಾಲಿ ಶಾ), ಹೇಮಂತನಾಗಿ ಪರ್ವಿನ್ ದಬಾಸ್, ತೇಜ್ ಆಗಿ ರಜತ್ ಕಪೂರ್, ದುಬೆಯಾಗಿ ವಿಜಯ್ ರಾಝ್ ನಟಿಸಿದ್ದಾರೆ. ಕುಲಭೂಷಣ್ ಖರಬಂದಾ, ರೋಷನ್ ಸೇಠ್, ಸೋನಿ ರಾಜ್ದಾನ್ ಇತರ ಮುಖ್ಯ ಪಾತ್ರಗಳಲ್ಲಿದ್ದಾರೆ. ಆಲಿಸ್ ಪಾತ್ರದ ತಿಲೋತ್ತಮಾ ಶೋಮ್ ಮತ್ತು ಆಸ್ಟ್ರೇಲಿಯಾದಿಂದ ಬಂದ ರಾಹುಲ್ ಪಾತ್ರದ ರಣದೀಪ್ ಹೂಡಾ ಇಬ್ಬರಿಗೂ ಇದು ಮೊದಲ ಚಿತ್ರ.

ಅದಿತಿಯ ಪಾತ್ರ ವಹಿಸಿದವರು ಬೆಂಗಳೂರಿನ ವಸುಂಧರಾ ದಾಸ್. ಹಿನ್ನೆಲೆ ಗಾಯಕಿಯಾಗಿಯೂ ಹೆಸರಾದ ಅವರು ಕಮಲ್ ಹಾಸನ್ ಅವರ ‘ಹೇ ರಾಮ್’ (2000) ಮೂಲಕ ತೆರೆಗೆ ಬಂದಿದ್ದರು. ಆಮೇಲೆ ಕನ್ನಡದಲ್ಲಿ ಇಂದ್ರಜಿತ್ ಲಂಕೇಶ್ ನಿರ್ದೇಶನದ ‘ಲಂಕೇಶ್ ಪತ್ರಿಕೆ’ಯಲ್ಲಿ (2003) ನಟಿಸಿದರು.

ಸಂಗೀತ

ಕೆನಡಾದ ಮೈಕಲ್ ಡ್ಯಾನಾ ಹೊಸೆದ ಬ್ಯಾಂಡಿನ ನಾದದ ಜೊತೆಗೆ ಪಂಜಾಬಿ ಹೆಂಗಸರ ಮದುವೆಯ ಹಾಡುಗಳು, ಹಳೆಯ ಹಿಂದಿ ಚಿತ್ರಗೀತೆಗಳು, ಸುಖ್ವಿಂದರ್ ಸಿಂಗ್ ಅವರ ಗಾಯನ ಸೇರಿವೆ. ಪಾತ್ರಗಳೇ ಹಾಡಿಕೊಳ್ಳುವುದರಿಂದಲೋ ಕ್ಯಾಸೆಟ್ಟಿಗೆ ಕುಣಿಯುವುದರಿಂದಲೋ ಸಂಗೀತ ಸಹಜವಾಗಿ ಕಥೆಯೊಳಗೆ ಹುಟ್ಟುತ್ತದೆ.

ಬಿಡುಗಡೆ ಮತ್ತು ಮನ್ನಣೆ

ಚಿತ್ರ 2001ರ ಸೆಪ್ಟೆಂಬರಿನಲ್ಲಿ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಗೆದ್ದಿತು. ಭಾರತದಲ್ಲಿ ನವೆಂಬರ್ 30ರಂದು, ಅಮೆರಿಕದಲ್ಲಿ 2002ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಆ ವರ್ಷ ಭಾರತದಿಂದ ಆಸ್ಕರ್‌ಗೆ ಹೋದದ್ದು ಇದಲ್ಲ, ‘ಲಗಾನ್’ ಚಿತ್ರ. ಆದರೂ ಮಾನ್ಸೂನ್ ವೆಡ್ಡಿಂಗ್ ಗೋಲ್ಡನ್ ಗ್ಲೋಬ್ ಮತ್ತು ಬಾಫ್ಟಾ ಪ್ರಶಸ್ತಿಗಳಿಗೆ ನಾಮನಿರ್ದೇಶನ ಪಡೆಯಿತು. ಅಮೆರಿಕವೊಂದರಲ್ಲೇ ಸುಮಾರು 1.4 ಕೋಟಿ ಡಾಲರ್ ಗಳಿಸಿದ್ದು ಇಷ್ಟು ಸಣ್ಣ ವೆಚ್ಚದ ಚಿತ್ರಕ್ಕೆ ದೊಡ್ಡ ಗೆಲುವು. 2009ರಲ್ಲಿ ಕ್ರೈಟೀರಿಯನ್ ಕಲೆಕ್ಷನ್ ಎಂಬ ಸಂಸ್ಥೆ ಇದನ್ನು ಡಿವಿಡಿಯಾಗಿ ಹೊರತಂದಿತು.

ರಂಗರೂಪ

ಮೀರಾ ನಾಯರ್ ಅವರೇ ಇದನ್ನು ಸಂಗೀತ ನಾಟಕವಾಗಿ ರಂಗಕ್ಕೆ ತಂದರು. ವಿಶಾಲ್ ಭಾರದ್ವಾಜ್ ಸಂಗೀತದ ಈ ನಾಟಕ 2017ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ರೆಪರ್ಟರಿ ಥಿಯೇಟರಿನಲ್ಲಿ ಮೊದಲು ಪ್ರದರ್ಶನಗೊಂಡಿತು. 2023ರಲ್ಲಿ ನ್ಯೂಯಾರ್ಕ್‌ನ ಸೇಂಟ್ ಆನ್ಸ್ ವೇರ್‌ಹೌಸ್‌ನಲ್ಲೂ ಪ್ರದರ್ಶನ ಕಂಡಿತು.

ಸ್ಥಾನ

ಮದುವೆಮನೆಯ ನಗೆ, ಬಣ್ಣ, ಪ್ರೇಮ ಯಾವುದನ್ನೂ ಕಡಿಮೆ ಮಾಡದೆ, ಅದೇ ಚಪ್ಪರದಡಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಮಾತನ್ನೂ ಆಡಿದ್ದು ಈ ಚಿತ್ರದ ಹಿರಿಮೆ. ಇಂಥ ದೌರ್ಜನ್ಯದ ವಿರುದ್ಧ ಪ್ರತ್ಯೇಕವಾದ ಪೋಕ್ಸೋ ಕಾಯ್ದೆ ಭಾರತದಲ್ಲಿ ಬಂದದ್ದು 2012ರಲ್ಲಿ. ಮನೆತನದ ಮರ್ಯಾದೆಯ ಹೆಸರಿನಲ್ಲಿ ಇಂಥ ವಿಷಯಗಳನ್ನು ಮುಚ್ಚಿಹಾಕುವುದೇ ರೂಢಿಯಾಗಿದ್ದ ಕಾಲದಲ್ಲಿ, ಮಗುವನ್ನು ಕಾಯುವುದೇ ಮನೆತನದ ಮರ್ಯಾದೆ ಎಂದು ಇದು ಸ್ಪಷ್ಟವಾಗಿ ಹೇಳಿತು. ಭಾರತೀಯ ಕುಟುಂಬವನ್ನು ಪ್ರೀತಿಯಿಂದಲೂ ನಿಷ್ಠುರವಾಗಿಯೂ ಒಟ್ಟಿಗೇ ನೋಡಿದ ಚಿತ್ರಗಳಲ್ಲಿ ಮಾನ್ಸೂನ್ ವೆಡ್ಡಿಂಗ್‌ಗೆ ಮುಂಚೂಣಿಯ ಸ್ಥಾನ ಸಲ್ಲುತ್ತದೆ.